ಒಮ್ಮೆ ತಿರುಗಿ ಒಮ್ಮೆ ನಿಲ್ಲುವ ಫ್ಯಾನು: ಹಳೆಯ ಕಾರಿನ ರೇಡಿಯೇಟರಿನ ಮಾತು



ಈ ಹೊತ್ತು ನಾನು ಆಡುವ ಮಾತು ಬೆಳೆಯದಲ್ಲ, ದನಕರುಗಳದೂ ಅಲ್ಲ. ಅಂಗಳದ ಬೇವಿನ ಗಿಡದ ಕೆಳಗೆ, ಹತ್ತಿಯ ರಾಶಿಯ ಮಗ್ಗುಲಿಗೆ ನಿಂತಿರುವ ಹಳೆಯ ಕಾರಿನ ಮಾತು. "ಕಾರು ಅಂದ್ರ ಸಾವಕಾರರ ಮನೀದು, ನಮಗ್ಯಾಕ್ರೀ?" ಎಂದು ಎದ್ದು ಹೋಗಬೇಡಿರಿ. ಮಾರುತಿ 800 ಎಂಬ ಸಣ್ಣ ಕಾರು 1983ರ ಡಿಸೆಂಬರಿನಲ್ಲಿ ಮೊದಲು ಗಿರಾಕಿಗಳ ಕೈಗೆ ಬಂತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಪೇಟೆಯಲ್ಲಿ ಕೆಲವರು ಈಗ ಅದನ್ನು ಒರೆಸಿ ತೊಳೆದು ನೆನಪಿಗಾಗಿ ಇಟ್ಟುಕೊಂಡಿದ್ದಾರೆ. ಹಳ್ಳಿಯಲ್ಲಿ ಅದು ಇನ್ನೂ ದುಡಿಯುತ್ತದೆ. ಬೀಜದ ಚೀಲ ತರುವುದು, ಸಂತೆಗೆ ಹೋಗುವುದು, ಮನೆಯಲ್ಲಿ ಯಾರಿಗಾದರೂ ಮೈ ಸರಿ ಇಲ್ಲದಿದ್ದರೆ ದೇವದುರ್ಗಕ್ಕೋ ರಾಯಚೂರಿಗೋ ಓಡುವುದು, ಎಲ್ಲಕ್ಕೂ ಅದೇ.

ಮಸರಕಲ್ಲಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ವೈಶಾಖದ ಬಿಸಿಲು, ಹೊರಗೆ 40 ಡಿಗ್ರಿ ದಾಟಿದೆ. ಸೊಸೆಗೆ ಎಂಟು ತಿಂಗಳು ತುಂಬಿವೆ. ತಪಾಸಣೆಗೆಂದು ರಾಯಚೂರಿಗೆ ಹೊರಟಿದ್ದಾರೆ. ಮಗ ಗಾಡಿ ನಡೆಸುತ್ತಿದ್ದಾನೆ, ಯಜಮಾನರು ಮುಂದೆ, ಅತ್ತೆ ಸೊಸೆ ಹಿಂದೆ. ಬಯಲಿನ ದಾರಿಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಊರೊಳಗೆ ಹೊಕ್ಕು ರಾಜೇಂದ್ರ ಗಂಜಿನ ಹತ್ತಿರ ಲಾರಿ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಕೊಂಡರು. ಹತ್ತು ನಿಮಿಷವಾಯಿತು.

"ಯಪ್ಪಾ, ಕಾಂಟಾ ಮ್ಯಾಲ ಹೊಂಟದ" ಎಂದ ಮಗ.

"ಫ್ಯಾನ್ ಸಪ್ಪಳ ಕೇಳಿಸವಲ್ದಲ್ಲೋ" ಎಂದರು ಯಜಮಾನರು.

ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದರೆ ಫ್ಯಾನು ಸುಮ್ಮನೆ ನಿಂತಿದೆ. ಮಗ ಸಿಟ್ಟಿನಿಂದ ಬಾನೆಟ್ಟನ್ನು ದಡ್ ಎಂದು ಮುಚ್ಚಿದ. ಫ್ಯಾನು ಗುರ್ ಎಂದು ತಿರುಗಿತು! ಸದ್ಯ ಗಂಡಾಂತರ ತಪ್ಪಿತು. ಮರುದಿನ ಗ್ಯಾರೇಜಿಗೆ ಒಯ್ದರು. ಮಿಸ್ತ್ರಿ ಗಾಡಿ ಚಾಲೂ ಮಾಡಿ ಕಾಯಿಸಿದ, ಹೊತ್ತಿಗೆ ಸರಿಯಾಗಿ ಫ್ಯಾನು ತಿರುಗಿತು. "ಫ್ಯಾನ್ ಬರೋಬ್ಬರಿ ಅದ ಯಜಮಾನ್ರ, ಸುಮ್ನ ಯಾಕ ಅಂಜತೀರಿ?" ಎಂದು ಕಳುಹಿಸಿದ. ನಾಲ್ಕು ದಿನಕ್ಕೆ ಮತ್ತೆ ಅದೇ ಗೋಳು.

ಪೂರಾ ಕೆಟ್ಟ ಫ್ಯಾನಿಗಿಂತ ಇಂಥ ಫ್ಯಾನು ಹೆಚ್ಚು ಅಪಾಯದ್ದು. ಕೆಟ್ಟದ್ದಾದರೆ ನಂಬುವುದಿಲ್ಲ, ರಿಪೇರಿ ಮಾಡಿಸಿಯೇ ಹೊರಡುತ್ತೀರಿ. ಇದು ನಂಬಿಸಿ ಕೈಕೊಡುತ್ತದೆ. ಎಂಜಿನ್ ಒಮ್ಮೆ ಮಿತಿಮೀರಿ ಕಾಯಿತೆಂದರೆ ಅದರ ಮೇಲಿನ ಅಲ್ಯೂಮಿನಿಯಮ್ ಹೆಡ್ಡು ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಎಣ್ಣೆ ಒಂದಾಗುತ್ತವೆ. ಸಣ್ಣದೊಂದು ವೈರಿನ ದೋಷ ಇಡೀ ಎಂಜಿನ್ ಬಿಚ್ಚುವ ಖರ್ಚಿಗೆ ತಂದು ನಿಲ್ಲಿಸುತ್ತದೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಹೆರಿಗೆ ನೋವು ಕಾಣಿಸಿಕೊಂಡಾಗ ಫ್ಯಾನಿನ ಭರವಸೆ ಇಲ್ಲದ ಗಾಡಿ ಹೊರಡಿಸಬಾರದು. 108ಕ್ಕೆ ಫೋನು ಮಾಡಿರಿ.

ಇನ್ನು ಈ ಫ್ಯಾನು ಏತಕ್ಕೆ ಬೇಕು ನೋಡೋಣ. ಎಂಜಿನ್ನಿನಲ್ಲಿ ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಗಾಲಿಗೆ ಮುಟ್ಟುವುದು ಸ್ವಲ್ಪ ಪಾಲು ಮಾತ್ರ. ಉಳಿದದ್ದು ಸೈಲೆನ್ಸರಿನಿಂದಲೂ ನೀರಿನಿಂದಲೂ ಹೊರಗೆ ಹೋಗಬೇಕು. ಎಂಜಿನ್ ಸುತ್ತ ಹರಿದು ಕಾಯ್ದ ನೀರು ಮುಂದಿರುವ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿಯುವಾಗ, ಅವುಗಳ ನಡುವಿನ ತೆಳ್ಳನೆಯ ರೆಕ್ಕೆಗಳ ಮೂಲಕ ಗಾಳಿ ಹಾಯ್ದು ಅದನ್ನು ತಣಿಸುತ್ತದೆ. ಗಾಡಿ ಓಡುತ್ತಿರುವಾಗ ಎದುರು ಗಾಳಿ ತಾನೇ ನುಗ್ಗುತ್ತದೆ, ಆಗ ಫ್ಯಾನಿನ ಹಂಗಿಲ್ಲ. ಗಾಡಿ ನಿಂತಾಗ, ಇಲ್ಲವೆ ಬಂಡಿಯ ಹಿಂದೆ ಹೆಜ್ಜೆ ಹೆಜ್ಜೆ ಇಡುವಾಗ, ಗಾಳಿ ಎಳೆಯುವುದು ಫ್ಯಾನಿನ ಕೆಲಸ.

ಇದರಿಂದಲೇ ರೋಗದ ಮೊದಲ ಗುರುತು ಸಿಗುತ್ತದೆ. ಬಯಲಿನಲ್ಲಿ ಓಡುವಾಗ ತಣ್ಣಗಿದ್ದು ಸಂದಣಿಯಲ್ಲಿ ಕಾಯ್ದರೆ ಫ್ಯಾನಿನ ಮೇಲೆ ಸಂಶಯ ಪಡಿರಿ. ಬಯಲಿನಲ್ಲಿ ಓಡುವಾಗಲೇ ಕಾಯ್ದರೆ ಫ್ಯಾನನ್ನು ಬಯ್ದು ಫಲವಿಲ್ಲ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ನೀರು ಸೋರಿರಬಹುದು, ವಾಟರ್ ಪಂಪು ಸೋತಿರಬಹುದು, ನೀರಿನ ದಾರಿಯನ್ನು ತೆರೆದು ಮುಚ್ಚುವ ಥರ್ಮೋಸ್ಟ್ಯಾಟ್ ಸಿಕ್ಕಿಕೊಂಡಿರಬಹುದು. ಅದು ಗ್ಯಾರೇಜಿನ ಕೆಲಸ.

ಅಂಬಾಸಡರ್ ಕಾರಿನಲ್ಲಿಯೂ ನಿಮ್ಮ ಟ್ರ್ಯಾಕ್ಟರಿನಲ್ಲಿಯೂ ಫ್ಯಾನು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತದೆ. ಎಂಜಿನ್ ತಿರುಗುವಷ್ಟು ಹೊತ್ತೂ ಅದು ತಿರುಗಲೇಬೇಕು. ಅದರಲ್ಲಿ ನೋಡುವುದು ಹೆಚ್ಚಿಲ್ಲ: ಎಂಜಿನ್ ಬಂದ್ ಮಾಡಿ, ಬೆಲ್ಟಿನ ಉದ್ದನೆಯ ಭಾಗದ ನಡುಮಧ್ಯೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಾಗಬೇಕು. ಬಹಳ ಬಾಗಿದರೆ ಸಡಿಲ, ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬೆಲ್ಟು ಜಾರುತ್ತಿದೆ, ಸೀಳಿದ್ದರೆ ಬದಲಿಸಿರಿ. ಮಾರುತಿಯಲ್ಲಿ ಎಂಜಿನ್ ಅಡ್ಡಡ್ಡ ಕೂತಿದೆ, ಅದರ ಬೆಲ್ಟಿನ ತುದಿ ಗಾಡಿಯ ಮಗ್ಗುಲಿಗೆ ಮುಖ ಮಾಡಿದೆ. ಮುಂದಿನ ರೇಡಿಯೇಟರಿಗೆ ಬೆಲ್ಟಿನಿಂದ ಫ್ಯಾನು ತಿರುಗಿಸಲು ಬರುವುದಿಲ್ಲ. ಅದಕ್ಕೇ ಬ್ಯಾಟರಿಯಿಂದ ನಡೆಯುವ ಕರೆಂಟಿನ ಫ್ಯಾನು ಇಟ್ಟರು. ಕರೆಂಟು ಬಂದ ಮೇಲೆ ಅದರ ರಗಳೆಯೂ ಜೊತೆಗೆ ಬಂತು.

ಈ ಕರೆಂಟಿನ ದಾರಿಯನ್ನು ನಮ್ಮ ಕಾಲುವೆಯ ಹಾಗೆ ತಿಳಿಯಿರಿ. ಬ್ಯಾಟರಿ ಎಂಬುದು ಜಲಾಶಯ. ಅಲ್ಲಿಂದ ಹೊರಟ ಕರೆಂಟು ಮೊದಲು ಫ್ಯೂಜು ದಾಟುತ್ತದೆ, ಆಮೇಲೆ ರಿಲೇ ಎಂಬ ಸಣ್ಣ ಡಬ್ಬಿಯ ಗೇಟು, ಆಮೇಲೆ ವೈರು, ಪ್ಲಗ್ಗು, ಕೊನೆಗೆ ಫ್ಯಾನಿನ ಮೋಟಾರು. ಆ ಗೇಟು ಎತ್ತಲು ಹೇಳುವವನು ಥರ್ಮೋ ಸ್ವಿಚ್. ಕೆಲವು ಗಾಡಿಯಲ್ಲಿ ಅದು ರೇಡಿಯೇಟರಿನಲ್ಲಿಯೇ ಇರುತ್ತದೆ, ಕೆಲವುಗಳಲ್ಲಿ ಎಂಜಿನ್ ಮೇಲಿನ ನೀರಿನ ಮನೆಯ ಹತ್ತಿರ. ನೀರು ಸುಮಾರು 90ರಿಂದ 100 ಡಿಗ್ರಿಯ ನಡುವೆ, ಆಯಾ ಗಾಡಿಗೆ ಗೊತ್ತುಮಾಡಿದ ಮಟ್ಟಕ್ಕೆ ಮುಟ್ಟಿದಾಗ, ಅದು ಕೂಡಿಕೊಂಡು ಫ್ಯಾನು ನಡೆಸುತ್ತದೆ. ಕೆಲವು ಬಹಳ ಹಳೆಯ ಗಾಡಿಗಳಲ್ಲಿ ರಿಲೇ ಇರುವುದಿಲ್ಲ, ಅಷ್ಟೂ ಕರೆಂಟು ಆ ಸಣ್ಣ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಕಾಲುವೆಗೂ ಕರೆಂಟಿಗೂ ಒಂದು ಭೇದವುಂಟು. ಕಾಲುವೆಯ ನೀರು ಹೊಲದಲ್ಲಿ ಇಂಗಿದರೆ ಮುಗಿಯಿತು. ಕರೆಂಟು ಮೋಟಾರಿನಿಂದ ಹೊರಟು ಗಾಡಿಯ ಬಾಡಿಯ ಮೂಲಕ ಮರಳಿ ಬ್ಯಾಟರಿಗೆ ಮುಟ್ಟಲೇಬೇಕು. ಈ ಮರಳುವ ದಾರಿಗೆ ಅರ್ಥ್ ಎನ್ನುತ್ತಾರೆ. ಜನ ಮರೆಯುವುದು ಇದನ್ನೇ.

ತುಂಗಭದ್ರಾ ಎಡದಂಡೆಯ ಕೊನೆಯ ಭಾಗದ ಮಾನ್ವಿ ರೈತರಿಗೆ ನಾನು ಹೇಳಬೇಕಾದ್ದೇನಿದೆ? ಮೇಲೆ ಗೇಟು ಎತ್ತಿದ್ದರೂ ಕೊನೆಯ ಹೊಲಕ್ಕೆ ನೀರು ಬರುವುದಿಲ್ಲ. ಫ್ಯಾನಿನ ಮೋಟಾರು ಆ ಕೊನೆಯ ಹೊಲ. ಹೊಲ ಒಣಗಿತೆಂದು ಹೊಲವನ್ನೇ ಬದಲಿಸುವವರುಂಟೆ? ಆದರೆ ಕಾರಿನಲ್ಲಿ ನಾವು ಮಾಡುವುದು ಅದನ್ನೇ. ಫ್ಯಾನು ನಿಂತಿತೆಂದು ಹೊಸ ಮೋಟಾರು ತಂದು ಹಾಕುತ್ತೇವೆ, ಎರಡು ದಿನ ತಿರುಗುತ್ತದೆ, ಮೂರನೆಯ ದಿನ ಮತ್ತೆ ನಿಲ್ಲುತ್ತದೆ. ಒಮ್ಮೆ ತಿರುಗಿ ಒಮ್ಮೆ ನಿಲ್ಲುವ ಫ್ಯಾನಿನಲ್ಲಿ ದೋಷ ಬಹಳ ಸಲ ದಾರಿಯ ಒಂದು ಕೂಡುಗಂಟಿನಲ್ಲಿ ಇರುತ್ತದೆ. ಸಡಿಲವಾದ ಪ್ಲಗ್ಗು, ತುಕ್ಕು ಹಿಡಿದ ಅರ್ಥಿನ ಬೋಲ್ಟು, ಸುಟ್ಟ ರಿಲೇ, ಇಲಿ ಕಡಿದ ವೈರು. ಭತ್ತದ ಚೀಲದ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಮನೆಯಲ್ಲಿ ಇಲಿಯನ್ನು ಮೊದಲನೆಯ ಸಂಶಯಕ್ಕೆ ಹಿಡಿಯಬೇಕು.

ಸಡಿಲ ಗಂಟು ಎಷ್ಟು ಕೆಟ್ಟದ್ದೆಂಬುದನ್ನು ಲೆಕ್ಕದಲ್ಲಿ ನೋಡಿರಿ. ಫ್ಯಾನು 10 ಆಂಪಿಯರ್ ಕರೆಂಟು ಎಳೆಯುತ್ತದೆಂದು ಇಟ್ಟುಕೊಳ್ಳಿ. ತುಕ್ಕಿನ ಗಂಟಿನಲ್ಲಿ ಒಂದು ಓಮಿನ ಹತ್ತರಲ್ಲಿ ಮೂರು ಪಾಲು ಅಡ್ಡಿಯಿದ್ದರೆ 12 ವೋಲ್ಟಿನಲ್ಲಿ 3 ವೋಲ್ಟು ಅಲ್ಲಿಯೇ ಹೋಯಿತು. ಫ್ಯಾನಿಗೆ ಉಳಿದದ್ದು 9. ಅದು ಸೋತ ಎತ್ತಿನಂತೆ ನಿಧಾನ ತಿರುಗುತ್ತದೆ. ಕಳೆದುಹೋದ 3 ವೋಲ್ಟು ಆ ಗಂಟಿನಲ್ಲಿ 30 ವಾಟಿನ ಶಾಖವಾಗಿ ಕೂಡುತ್ತದೆ. ರೇಡಿಯೋ ರಿಪೇರಿಯವನ ಕಾವೇಲಿಯಷ್ಟು ಬಿಸಿ! ಪ್ಲಗ್ಗಿನ ಪ್ಲಾಸ್ಟಿಕ್ ಕರಗುತ್ತದೆ, ಒಳಗಿನ ಹಿತ್ತಾಳೆಯ ಹಿಡಿ ಸಡಿಲಾಗುತ್ತದೆ, ಅಡ್ಡಿ ಇನ್ನೂ ಹೆಚ್ಚುತ್ತದೆ. ತಣ್ಣಗಿದ್ದಾಗ ಕೂಡಿಕೊಂಡು ಬಿಸಿಯಾದಾಗ ಬಿಡುತ್ತದೆ. ಗ್ಯಾರೇಜಿನಲ್ಲಿ ಸರಿ, ಗಂಜಿನ ಮುಂದೆ ತಪ್ಪು! ಮಿಸ್ತ್ರಿ ಸುಳ್ಳು ಹೇಳಲಿಲ್ಲ, ದೋಷ ಅಡಗಿಕೊಂಡಿತ್ತು ಅಷ್ಟೆ.

ಪರೀಕ್ಷೆಗೆ ಕೈ ಹಾಕುವ ಮುಂಚೆ ಎಚ್ಚರಿಕೆಯ ಮಾತು ಕೇಳಿರಿ. ಕೆಲವು ಗಾಡಿಗಳಲ್ಲಿ ಚಾವಿ ತೆಗೆದ ಮೇಲೂ ಬಿಸಿಯಿಂದ ಫ್ಯಾನು ತಾನೇ ತಿರುಗೀತು. ಬೆರಳು ಹೋದೀತು. ರೆಕ್ಕೆಗೆ ಕೈ ಮುಟ್ಟಿಸುವ ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡತಕ್ಕದ್ದು. ಚಾಲೂ ಇರುವ ಎಂಜಿನ್ ಮುಂದೆ ಬಾಗುವಾಗ ಹೆಗಲ ಮೇಲಿನ ಟವೆಲ್ಲು, ಧೋತರದ ಚುಂಗು, ಸೆರಗು, ಓಢಣಿ ದೂರ ಇರಲಿ. ಕಾಯ್ದ ರೇಡಿಯೇಟರಿನ ಮುಚ್ಚಳ ತೆಗೆಯಲೇ ಬಾರದು. ಮುಚ್ಚಳದ ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಅದುಮಿಕೊಂಡಿರುತ್ತದೆ. ಮುಚ್ಚಳ ತೆರೆದ ಕೂಡಲೆ ಉಕ್ಕಿ ಮುಖಕ್ಕೆ ಹೊಡೆಯುತ್ತದೆ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿದು ದವಾಖಾನೆಗೆ ಹೋಗಿರಿ, ಟೂತ್‌ಪೇಸ್ಟು ಮಸಿ ಹಚ್ಚಬೇಡಿರಿ. ತಾಯಂದಿರೆ, ರೇಡಿಯೇಟರಿನಿಂದ ಇಳಿದ ಬಣ್ಣದ ಕೂಲೆಂಟ್ ನೀರು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಕೂಸುಗಳು, ನಾಯಿ, ಕರು ಮುಟ್ಟದಂತೆ ಡಬ್ಬಿಯಲ್ಲಿ ಹಿಡಿದು ಮುಚ್ಚಿಡಿರಿ. ದನದ ಬಾನಿಯ ಹತ್ತಿರ ಅದನ್ನು ಚೆಲ್ಲಿದವರು ಹಟ್ಟಿಗೇ ವಿಷವಿಟ್ಟಂತೆ.

ಈಗ ಬೆಳಗಿನ ತಂಪಿನಲ್ಲಿ, ಗಾಡಿ ತಣ್ಣಗಿರುವಾಗ ಕಣ್ಣಿನಿಂದಲೇ ಒಂದು ಸುತ್ತು ನೋಡಿರಿ. ರೇಡಿಯೇಟರಿನಲ್ಲಿ ನೀರು ಅಂಚಿನವರೆಗೆ ಇದೆಯೆ? ನೀರು ತಗ್ಗಿದ್ದರೆ ಥರ್ಮೋ ಸ್ವಿಚ್ಚಿನ ಮೂತಿ ನೀರಿನಲ್ಲಿ ಮುಳುಗದೆ ಹಬೆಯಲ್ಲಿ ತೂಗುತ್ತದೆ. ಅದಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಫ್ಯಾನು ಬರುವುದಿಲ್ಲ. ಬಿಸಿಯ ಕಾಂಟಾ ಕೂಡ ಆಗ ಸುಳ್ಳು ಹೇಳೀತು. ಮೇಲೆ ಹೋಗುತ್ತಿದ್ದ ಕಾಂಟಾ ಇದ್ದಕ್ಕಿದ್ದಂತೆ ಕೆಳಗಿಳಿಯಿತೆಂದು ಸಂತೋಷಪಡಬೇಡಿರಿ, ನೀರೇ ಇಲ್ಲವಾಗಿರಬಹುದು.

ರೇಡಿಯೇಟರಿನ ಮುಖ ನೋಡಿರಿ. ಎರೆಮಣ್ಣಿನ ಧೂಳು, ಹತ್ತಿಯ ಅರಳು, ತೊಗರಿ ರಾಶಿಯ ಹೊಟ್ಟು, ಸತ್ತ ಹುಳ, ಇವೆಲ್ಲ ಸೇರಿ ಚಾಪೆ ಹಾಸಿದಂತಾಗಿರುತ್ತದೆ. ಆಗ ಫ್ಯಾನು ತಿರುಗಿಯೂ ಫಲವಿಲ್ಲ. ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಪಂಪಿನ ನೀರು ಹೊಡೆದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ, ಪ್ಲಗ್ಗಿನೊಳಗೂ ನೀರು ಹೊಕ್ಕು ತುಕ್ಕು ಏಳುತ್ತದೆ. ಒಳಗೆ ಹಾಕುವುದಕ್ಕೆ ಬೋರಿನ ಗಡಸು ನೀರು ಬೇಡ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಕೂಲೆಂಟ್ ಬೆರೆಸಿ ಹಾಕುವುದು ಉತ್ತಮ. ಅದು ಸಿಗದಿದ್ದರೆ ಊರಿನ ಶುದ್ಧ ನೀರಿನ ಘಟಕದ ನೀರು ಬೋರಿನದಕ್ಕಿಂತ ವಾಸಿ.

ಬ್ಯಾಟರಿ ತಂತಿ ಬಿಚ್ಚಿದ ಮೇಲೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಹಗುರಾಗಿ ತಿರುಗಬೇಕು. ಗರಗರ ಅಂದರೆ ಮೋಟಾರಿನ ಬೇರಿಂಗು ಒಣಗಿದೆ. ರೆಕ್ಕೆ ಮಾತ್ರ ತಿರುಗಿ ನಡುವಿನ ದಂಡ ನಿಂತಿದ್ದರೆ ರೆಕ್ಕೆಯ ತೂತು ಸವೆದಿದೆ ಎಂದರ್ಥ. ಮೋಟಾರು ತಿರುಗಿದರೂ ಗಾಳಿ ಬರುವುದಿಲ್ಲ. ಹಿಂದೆ ಯಾರಾದರೂ ಫ್ಯಾನು ರಿಪೇರಿ ಮಾಡಿದ್ದರೆ ಎರಡು ವೈರು ಅದಲು ಬದಲಾಗಿರುವುದುಂಟು, ಆಗ ಫ್ಯಾನು ತಿರುವುಮುರುವಾಗಿ ತಿರುಗುತ್ತದೆ. ಫ್ಯಾನು ನಡೆಯುತ್ತಿರುವಾಗ ರೇಡಿಯೇಟರಿನ ಮುಂಬದಿಗೆ ಒಂದು ಹಾಳೆ ಹಿಡಿಯಿರಿ. ಹಾಳೆ ಅಂಟಿಕೊಂಡರೆ ಸರಿ, ಹಾರಿ ಬಂದರೆ ತಪ್ಪು.

ಇಷ್ಟರಲ್ಲಿ ಏನೂ ಸಿಗದಿದ್ದರೆ ಈಗ ದೋಷವನ್ನು ಹೊರಗೆಳೆಯಬೇಕು. ನಿಂತಲ್ಲಿಯೇ ಎಂಜಿನ್ ಚಾಲೂ ಇಟ್ಟು ಕಾಂಟಾ ನೋಡುತ್ತ ಕೂಡಿರಿ. ಅದು ಮಧ್ಯ ದಾಟಿದರೂ ಫ್ಯಾನು ಬಾರದಿದ್ದರೆ, ಕೆಂಪು ಗೆರೆಗೆ ಮುಟ್ಟುವ ಮೊದಲೇ ಎಂಜಿನ್ ಬಂದ್ ಮಾಡಿ, ಚಾವಿ ಆನ್ ಸ್ಥಾನದಲ್ಲಿಯೇ ಇರಲಿ. ಇದೇ ಬಂಗಾರದಂಥ ಗಳಿಗೆ. ಈಗ ಯಾವುದನ್ನೂ ಬಡಿಯಬೇಡಿರಿ, ಅಲುಗಿಸಬೇಡಿರಿ! ಬಾನೆಟ್ ಬಡಿದಾಗ ಫ್ಯಾನು ತಿರುಗಿದರೆ ರೋಗಿ ಎದ್ದು ಹೋದಂತೆ. ವೈದ್ಯನಿಗೆ ತೋರಿಸುವುದು ಏನು?

ಕೈಯಲ್ಲಿ ಒಂದು ಟೆಸ್ಟ್ ಲ್ಯಾಂಪು ಬೇಕು. ಎಲ್ಲರೂ ಸಣ್ಣ ಬಲ್ಬಿನದನ್ನು ಬಳಸುತ್ತಾರೆ. ನನ್ನ ಮಟ್ಟಿಗೆ ಅದು ಮೋಸಗಾರ. ತೂಬಿನಲ್ಲಿ ಕಸ ಸಿಕ್ಕಿದ್ದರೂ ಒಂದು ಕೊಡ ತುಂಬುವಷ್ಟು ನೀರು ಜಿನುಗುತ್ತದೆ, ಭತ್ತದ ಗದ್ದೆಗೆ ಸಾಲದು. ಹಾಗೆಯೇ ತುಕ್ಕಿನ ಗಂಟಿನಿಂದಲೂ ಸಣ್ಣ ಬಲ್ಬು ಚೆನ್ನಾಗಿ ಹತ್ತುತ್ತದೆ, "ಕರೆಂಟು ಬರೋಬ್ಬರಿ ಬಂದದ" ಅನಿಸುತ್ತದೆ. ಅದರ ಬದಲು ಹಳೆಯ ಹೆಡ್‌ಲೈಟ್ ಬಲ್ಬಿಗೆ ಹೋಲ್ಡರ್ ಹಾಕಿ ಎರಡು ದಪ್ಪ ವೈರು ಜೋಡಿಸಿರಿ. 55 ವಾಟಿನ ಬಲ್ಬು ಸುಮಾರು 5 ಆಂಪಿಯರ್ ಎಳೆಯುತ್ತದೆ, ಗಂಟು ಕೆಟ್ಟಿದ್ದರೆ ಮಂಕಾಗುತ್ತದೆ, ಸುಳ್ಳು ಹೇಳುವುದಿಲ್ಲ. ಗಾಜು ಬೇಗ ಕಾಯುತ್ತದೆ, ಮುಟ್ಟಬೇಡಿರಿ.

ಫ್ಯಾನಿನ ಪ್ಲಗ್ಗು ಮೆಲ್ಲಗೆ ಬಿಚ್ಚಿ, ಗಾಡಿಯ ಕಡೆಯ ಎರಡು ತುದಿಗೆ ಈ ಬಲ್ಬು ಹಿಡಿಯಿರಿ. ಪೂರ್ಣ ಬೆಳಕು ಬಂದರೆ ದಾರಿ ಸರಿಯಿದೆ, ದೋಷ ಮೋಟಾರಿನಲ್ಲಿ, ಇಲ್ಲವೆ ಪ್ಲಗ್ಗಿನ ಹಿಡಿಯಲ್ಲಿಯೇ. ಬೆಳಕು ಇಲ್ಲ, ಅಥವಾ ಮಂಕು. ಆಗ ಒಂದು ತುದಿ ಪ್ಲಸ್ಸಿನಲ್ಲಿಯೇ ಇಟ್ಟು ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿ. ಈಗ ಝಗ್ ಎಂದು ಹತ್ತಿದರೆ ಸಿಕ್ಕಿತು ಕಳ್ಳ! ಅರ್ಥಿನ ದಾರಿ ಕೆಟ್ಟಿದೆ. ಆಗಲೂ ಹತ್ತದಿದ್ದರೆ ದೋಷ ಮೇಲಿನ ಕಡೆ: ಫ್ಯೂಜು, ರಿಲೇ, ಥರ್ಮೋ ಸ್ವಿಚ್.

ಫ್ಯೂಜಿನ ವಿಷಯ. ಕೆಲವರು ಸುಟ್ಟ ಫ್ಯೂಜಿನ ಜಾಗಕ್ಕೆ ತಾಮ್ರದ ಎಳೆ ಸುತ್ತುತ್ತಾರೆ, ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಮಡಚಿ ತುರುಕುತ್ತಾರೆ. ಇದು ಮನೆಗೆ ಬೆಂಕಿ ಕರೆಯುವ ಕೆಲಸ. ಫ್ಯೂಜು ಸುಟ್ಟದ್ದು ಮುಂದೆ ಏನೋ ಕೆಟ್ಟಿದೆಯೆಂದು ತಿಳಿಸುವುದಕ್ಕೆ. ಮೋಟಾರು ಬಿಗಿದಿರಬೇಕು, ಇಲ್ಲವೆ ವೈರಿನ ಸಿಪ್ಪೆ ತಗಡಿಗೆ ಉಜ್ಜಿ ಹರಿದಿರಬೇಕು. ಡಬ್ಬಿಯ ಮುಚ್ಚಳದ ಮೇಲೆ ಎಷ್ಟು ಆಂಪಿಯರ್ ಬರೆದಿದೆಯೋ ಅಷ್ಟರದೇ ಹಾಕಿರಿ, ಎರಡನೆಯದೂ ಸುಟ್ಟರೆ ಮೂರನೆಯದನ್ನು ಹಾಕದೆ ಮೂಲ ಹುಡುಕಿರಿ.

ರಿಲೇಯ ಮೇಲೆ ಬೆರಳಿಟ್ಟರೆ ಕೆಲಸ ಮಾಡುವಾಗ ಟಕ್ ಎಂದು ತಿಳಿಯುತ್ತದೆ. ಟಕ್ ಅಂದೂ ಕರೆಂಟು ಬಾರದಿದ್ದರೆ ಒಳಗಿನ ಬೊಟ್ಟು ಸುಟ್ಟಿದೆ. ಅದೇ ಗಾಡಿಯಲ್ಲಿ ಅದೇ ಗುರುತಿನ ರಿಲೇ ಹಾರ್ನಿಗೋ ಬೇರೊಂದಕ್ಕೋ ಇದ್ದರೆ ಅದಲು ಬದಲು ಮಾಡಿ ನೋಡಿರಿ, ಒಂದು ಪೈಸೆ ಖರ್ಚಿಲ್ಲ. ಥರ್ಮೋ ಸ್ವಿಚ್ಚಿಗೆ ಹಳ್ಳಿಯ ಮನೆಯಲ್ಲಿಯೇ ಒಂದು ಪರೀಕ್ಷೆಯುಂಟು. ಗಾಡಿ ತಣಿದ ಮೇಲೆ ಮಿಸ್ತ್ರಿಯಿಂದ ಅದನ್ನು ಬಿಚ್ಚಿಸಿ, ಹಳೆಯ ತಗಡಿನ ಡಬ್ಬಿಯಲ್ಲಿ ನೀರು ಕುದಿಸಿ ಅದರ ಮೂತಿಯನ್ನು ಮಾತ್ರ ಅದ್ದಿ, ಅಡಿಗೆ ಪಾತ್ರೆ ಮಾತ್ರ ಬೇಡ. ಮೀಟರು ಹಿಡಿದರೆ ಕುದಿಯುವ ಹೊತ್ತಿಗೆ ಅದು ಕೂಡಿಕೊಳ್ಳಬೇಕು, ತಣಿದಾಗ ಬಿಡಬೇಕು. ಐದಾರು ಸಲ ಮಾಡಿರಿ, ಒಮ್ಮೆ ತಪ್ಪಿದರೂ ಹೊಸದು ಹಾಕಿಸಿರಿ. ಕಂಪ್ಯೂಟರ್ ಡಬ್ಬಿ ಇರುವ ಈಚಿನ ಗಾಡಿಗಳಿಗೆ ಈ ಉಪಾಯ ನಡೆಯುವುದಿಲ್ಲ. ಅವುಗಳಲ್ಲಿ ಬಿಸಿ ಅಳೆಯುವ ಸೆನ್ಸರ್ ಬೇರೆ ತರಹದ್ದು.

ಮೋಟಾರಿನ ಮೇಲೆ ಸಂಶಯ ಬಂದರೆ ಫ್ಯೂಜು ಹಾಕಿದ ವೈರಿನಿಂದ ಬ್ಯಾಟರಿಯ ಕರೆಂಟನ್ನು ನೇರ ಕೊಡಿರಿ. ತಿರುಗದೆ, ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ. ಒಂದು ಸಲ ತಿರುಗಿತೆಂದು ಪಾಸು ಮಾಡಬೇಡಿರಿ, ಕಾಲು ಗಂಟೆ ನಡೆಯಲಿ. ಕಾಯ್ದ ಮೇಲೆ ನಿಲ್ಲುವ ಮೋಟಾರುಗಳುಂಟು.

ಮಸರಕಲ್ಲಿನ ಆ ಮನೆಗೆ ಮರಳೋಣ. ಮಗ ಮೊದಲು ಮಾಡಿದ್ದೇನು ಗೊತ್ತೆ? ಫ್ಯಾನನ್ನು ಸೀದಾ ಬ್ಯಾಟರಿಗೆ ಜೋಡಿಸಿ, ಸ್ಟಿಯರಿಂಗಿನ ಕೆಳಗೆ ಮನೆಯ ಲೈಟಿನ ಗುಂಡಿಯೊಂದನ್ನು ಕೂಡಿಸಿದ. ನಡುವೆ ಫ್ಯೂಜಿಲ್ಲ. ಎರಡನೆಯ ವಾರ ಗುಂಡಿ ಕರಗಿ ವಾಸನೆ ಬಂತು. ಹಾಗೆ ಕೈಯಿಂದ ನಡೆಸುವ ಗುಂಡಿ ತಪ್ಪೆಂದು ನಾನು ಹೇಳುವುದಿಲ್ಲ. ರಿಲೇ ಮತ್ತು ಫ್ಯೂಜಿನೊಂದಿಗೆ, ಥರ್ಮೋ ಸ್ವಿಚ್ಚಿಗೆ ಜೊತೆಯಾಗಿ ಇಟ್ಟರೆ ಆಪತ್ತಿಗೆ ಆಗುತ್ತದೆ. ಆದರೆ ಅದನ್ನೇ ನಂಬಿ ದೋಷ ಹುಡುಕದೆ ಬಿಟ್ಟರೆ, ಒತ್ತಲು ಮರೆತ ದಿನ ಎಂಜಿನ್ ಹೋಯಿತು.

ಗುಂಡಿ ಕಿತ್ತು, ಹೆಡ್‌ಲೈಟ್ ಬಲ್ಬು ಹಿಡಿದು ಕೂತರು. ಮೂರನೆಯ ಬೆಳಗಿಗೆ ಫ್ಯಾನು ಮುನಿಸಿಕೊಂಡಿತು. ಪ್ಲಗ್ಗಿನಲ್ಲಿ ಬಲ್ಬು ಮಂಕು. ಮೈನಸ್ ತುದಿಯನ್ನು ಬ್ಯಾಟರಿಗೆ ಮುಟ್ಟಿಸಿದರೆ ಕಣ್ಣು ಕುಕ್ಕುವ ಬೆಳಕು. ಅರ್ಥಿನ ವೈರನ್ನು ಬೆನ್ನಟ್ಟಿ ಹೋದರೆ ಅದು ಎಡಗಡೆ ದೀಪದ ಹಿಂದೆ, ತಗಡಿಗೆ ಒಂದು ಬೋಲ್ಟಿನಿಂದ ಬಿಗಿದಿತ್ತು. ಸ್ಪ್ರೇ ಪಂಪು ತೊಳೆಯುವ ಜಾಗದಲ್ಲಿಯೇ ಗಾಡಿಯನ್ನೂ ತೊಳೆಯುತ್ತಿದ್ದರು, ಮುಖಕ್ಕೇ ನೀರು ಹೊಡೆಯುತ್ತಿದ್ದರು. ಬೋಲ್ಟು ಬಿಚ್ಚಿದರೆ ಅಡಿಯಲ್ಲಿ ಹಸಿರು ಪಾಚಿಯಂಥ ಕಿಲುಬು, ತುಕ್ಕಿನ ಪುಡಿ. ಬಾನೆಟ್ ದಡ್ ಎಂದಾಗ ಈ ಗಂಟು ಅಲುಗಿ ಒಂದು ಕ್ಷಣ ಕೂಡುತ್ತಿತ್ತು!

"ಇಷ್ಟ ಸಲುವಾಗಿ ಹೊಸಾ ಮೋಟಾರ್ ತರಾಕ ಹೊಂಟಿದ್ದೆಲ್ಲೋ" ಎಂದರು ಯಜಮಾನರು.

ಬ್ಯಾಟರಿಯ ತಂತಿ ಬಿಚ್ಚಿ, ತಗಡನ್ನು ಉಪ್ಪುಕಾಗದದಿಂದ ಬೆಳ್ಳಗಾಗುವ ತನಕ ಉಜ್ಜಿದರು. ವೈರಿನ ತುದಿಗೆ ಹೊಸ ಉಂಗುರ ಒತ್ತಿಸಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿದರು. ಗ್ರೀಸು ಮೊದಲು ಸವರಿ ಆಮೇಲೆ ಬಿಗಿಯಬಾರದು, ಲೋಹಕ್ಕೆ ಲೋಹ ಮೊದಲು ಮುಟ್ಟಬೇಕು. ಕರಗಿದ ಪ್ಲಗ್ಗನ್ನೂ ಬದಲಿಸಿದರು. ಒಂದು ಕಡೆ ಗಂಟು ಸಿಕ್ಕಿತೆಂದು ಇನ್ನೊಂದನ್ನು ಬಿಡಬಾರದು, ಹಳೆಯ ಗಾಡಿಯಲ್ಲಿ ಎರಡು ದೋಷ ಒಟ್ಟಿಗೆ ಇರುವುದು ಹೊಸದಲ್ಲ.

ದಾರಿಯಲ್ಲಿಯೇ ಫ್ಯಾನು ನಿಂತರೆ ಮಾಡತಕ್ಕದ್ದು ಇಷ್ಟು: ಏಸಿ ಇದ್ದರೆ ಬಂದ್ ಮಾಡಿ. ಹೀಟರ್ ಇದ್ದರೆ ಪೂರ್ತಿ ತೆರೆಯಿರಿ, ಒಳಗೆ ಕುಳಿತವರಿಗೆ ಬೆವರು ಹರಿದೀತು, ಆದರೆ ಎಂಜಿನ್ನಿನ ಶಾಖ ಅಷ್ಟರಮಟ್ಟಿಗೆ ಇಳಿಯುತ್ತದೆ. ಮುಂದೆ ದಾರಿ ತೆರವಿದ್ದರೆ ನಿಲ್ಲದೆ ಮೆಲ್ಲಗೆ ಓಡಿಸಿರಿ, ಎದುರು ಗಾಳಿಯೇ ಫ್ಯಾನಾಗುತ್ತದೆ. ತೆರವಿಲ್ಲ, ಕಾಂಟಾ ಕೆಂಪಿಗೆ ಬಂತು, ಇಲ್ಲವೆ ಹಬೆ ಕಂಡಿತು, ಆಗ ನೆರಳಿಗೆ ಹಾಕಿ ಎಂಜಿನ್ ಬಂದ್ ಮಾಡಿ. ಬಸುರಿಯರನ್ನು, ಮುದುಕರನ್ನು ಕೆಳಗಿಳಿಸಿ ನೀರು ಕುಡಿಸಿರಿ. ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿರಿ, ಕಾಯ್ದ ಲೋಹ ಸೀಳೀತು. ಮೇಲಿನ ಪೈಪು ಕೈಗೆ ಸಹಿಸುವಷ್ಟು ತಣಿದ ಮೇಲೆಯೇ, ದಪ್ಪ ಬಟ್ಟೆ ಮಡಚಿ, ಮುಚ್ಚಳವನ್ನು ಮೊದಲು ಸ್ವಲ್ಪವೇ ತಿರುಗಿಸಿ ಉಸಿರು ಬಿಡಿಸಿ ಆಮೇಲೆ ತೆಗೆಯಿರಿ. ನೀರು ತಗ್ಗಿದ್ದರೆ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಸ್ವಲ್ಪವೇ ಹಾಕಿರಿ.

ಗ್ಯಾರೇಜಿಗೆ ಹೋದಾಗ "ಫ್ಯಾನ್ ಕೆಟ್ಟದ" ಎಂದಷ್ಟೇ ಹೇಳಿದರೆ ಮಿಸ್ತ್ರಿ ಫ್ಯಾನನ್ನೇ ನೋಡುತ್ತಾನೆ. ಗಾಡಿ ನಿಂತಾಗಲೋ ಓಡುವಾಗಲೋ, ಎಷ್ಟು ಹೊತ್ತಿಗೆ, ಬಲ್ಬು ಎಲ್ಲಿ ಹತ್ತಿತು, ಎಲ್ಲಿ ಮಂಕಾಯಿತು, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಆ ಮನೆಯ ಅತ್ತೆಯೇ ಮಗನಿಂದ ಹಾಗೆ ಬರೆಸಿಟ್ಟಿದ್ದಳು. ಮುಂದಿನ ತಪಾಸಣೆಗೆ ಅವರು ಮತ್ತೆ ರಾಯಚೂರಿಗೆ ಹೋದರು. ಗಂಜಿನ ಮುಂದೆ ಅದೇ ಲಾರಿಗಳ ಸಾಲು, ಅದೇ ಬಿಸಿಲು. ಕಾಂಟಾ ಮಧ್ಯ ದಾಟಿತು. ಯಾರೂ ಮಾತಾಡಲಿಲ್ಲ. ಗುರ್ ಎಂದು ಫ್ಯಾನು ಬಂತು, ಎರಡು ನಿಮಿಷ ತಿರುಗಿ ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

"ಈಗ ನಡೀಲಿ" ಎಂದಳು ಅತ್ತೆ.